ಇಟಲಿಯ ಬೆದ್ದಲು ಸೀಮೆಯಲ್ಲಿ ಮೂರು ವಾರ

ಇಟಲಿಗೆ ಹೋಗಿ ಬಂದವರು ರೋಮಿನ ಹಳೇ ಕಟ್ಟಡ, ಪೀಸಾದ ವಾಲಿದ ಗೋಪುರ, ವೆನಿಸ್ಸಿನ ದೋಣಿಗಳ ಫೋಟೋ ತೋರಿಸುತ್ತಾರೆ. ನೋಡುವಂಥವೇ, ಇಲ್ಲ ಅನ್ನೋದಿಲ್ಲ. ಆದರೆ ರೈತರಾದ ನಾವು ಅಷ್ಟು ದೂರ ಹೋದರೆ ನೋಡಬೇಕಾದ ಇಟಲಿ ಬೇರೆ ಇದೆ. ನಕ್ಷೆಯಲ್ಲಿ ಆ ದೇಶ ಬೂಟಿನ ಹಾಗೆ ಕಾಣುತ್ತದಲ್ಲ, ಅದರ ಹಿಮ್ಮಡಿ ಜಾಗದಲ್ಲಿ ಇರುವುದು ಪೂಲ್ಯಾ ಪ್ರಾಂತ್ಯ. ಪಕ್ಕದಲ್ಲೇ ಬಸಿಲಿಕಾತಾ. ಕಲ್ಲು ನೆಲ, ನೀರಿನ ಬರ, ಗೋಧಿ, ಕುರಿ, ಹೊಟ್ಟೆಪಾಡಿಗೆ ಗುಳೆ ಹೋದ ಜನ. ಇದು ಅಲ್ಲಿಯ ಹಳೇ ಚರಿತ್ರೆ. ಒಂದು ಕಾಲಕ್ಕೆ ಉತ್ತರದವರು ಮೂಗು ಮುರಿಯುತ್ತಿದ್ದ ಈ ಸೀಮೆಗೆ ಇವತ್ತು ಲೋಕದ ಜನವೆಲ್ಲ ಬರುತ್ತಾರೆ. ಬರುವುದು ಬಡ ರೈತರು ಕಟ್ಟಿದ ಗೋಡೆ, ತೋಡಿದ ತೊಟ್ಟಿ, ಬೇಯಿಸಿದ ಬ್ರೆಡ್ಡು ನೋಡುವುದಕ್ಕೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ಹದಿನಾಲ್ಕು ಎಕರೆ ಬೆದ್ದಲು. ಶೇಂಗಾ, ತೊಗರಿ, ನವಣೆ, ಜೊತೆಗೆ ಮೂವತ್ತು ಕುರಿ. ನಾನು ಓದಿದ್ದು ಏಳನೇ ಕ್ಲಾಸು. ಮಗಳು-ಅಳಿಯ ಕೆಲಸದ ಮೇಲೆ ಪೂಲ್ಯಾದ ಬಾರಿ ಎಂಬ ನಗರದಲ್ಲಿದ್ದಾರೆ. ಅವರ ಕರೆಯ ಮೇಲೆ ನಾನೂ ನಮ್ಮಾಕೆಯೂ 2024ರ ಏಪ್ರಿಲ್ ಕೊನೆಗೆ ಹೋಗಿ ಮೇ ಮೂರನೇ ವಾರ ವಾಪಸ್ ಬಂದೆವು. ಭಾಷೆಗೆ ಮಗಳಿದ್ದಳು. ಹೊಲ, ಕುರಿ, ಕಲ್ಲು ನೋಡುವಾಗ ಅವಳೂ ಬೇಕಾಗಲಿಲ್ಲ.

ಮಳೆ ನಮಗೆ ಉಲ್ಟಾ

ಬಾರಿಯಿಂದ ಒಳನಾಡಿಗೆ ಒಂದು ಗಂಟೆ ಹೋದರೆ ಮುರ್ಜಾ ಅನ್ನೋ ಎತ್ತರದ ಬಯಲು ಸಿಗುತ್ತದೆ. ಅಲ್ಲಿ ಹದ ಬೀಳುವುದು ಚಳಿಗಾಲದಲ್ಲಿ. ಅಕ್ಟೋಬರಿನಿಂದ ಮಾರ್ಚಿವರೆಗೆ ಮಳೆ, ಆಮೇಲೆ ಬೇಸಿಗೆಯೆಲ್ಲ ಒಣ ಒಣ. ವರ್ಷದ ಮಳೆ 500-600 ಮಿಲಿಮೀಟರ್. ನಮ್ಮ ಚಳ್ಳಕೆರೆಗಿಂತ ಸ್ವಲ್ಪ ವಾಸಿ ಅಷ್ಟೆ. ಗೋಧಿ ಬಿತ್ತುವುದು ನವೆಂಬರಿನಲ್ಲಿ, ಕೊಯ್ಯುವುದು ಜೂನಿನಲ್ಲಿ. ನಾವು ಹೋದಾಗ ತೆನೆ ಹಾಲುಗಟ್ಟಿ ಬಣ್ಣ ತಿರುಗುತ್ತಿತ್ತು. ನಡುವೆ ಕೆಂಪು ಗಸಗಸೆ ಜಾತಿ ಹೂವು ಚೆಲ್ಲಾಡಿತ್ತು. ನೋಡೋರಿಗೆ ಚೆಂದ, ಹೊಲದವನಿಗೆ ಅದು ಕಳೆ.

ಈ ಬಯಲಿನಲ್ಲಿ ಹರಿಯುವ ನದಿಯೇ ಇಲ್ಲ. ಕೆಳಗೆಲ್ಲ ಸುಣ್ಣದ ಕಲ್ಲು. ಬಿದ್ದ ಮಳೆ ಸಂದುಗಳಲ್ಲಿ ಇಳಿದು ಪಾತಾಳ ಸೇರುತ್ತದೆ. ಕೆರೆ ಕಟ್ಟಿದರೆ ನಿಲ್ಲದು, ಬಾವಿ ತೋಡಿದರೆ ಎಟುಕದು. ಅದಕ್ಕೇ ಸಾವಿರಾರು ವರ್ಷ ಅಲ್ಲಿಯ ಜನ ಚಾವಣಿಯ ನೀರನ್ನೂ ಬಂಡೆಯ ನೀರನ್ನೂ ನೆಲದೊಳಗಿನ ತೊಟ್ಟಿಗೆ ಇಳಿಸಿಕೊಂಡೇ ಬದುಕಿದ್ದು.

ನಲ್ಲಿ ನೀರು ಬಂದಿದ್ದು ನೂರು ವರ್ಷದ ಈಚೆಗೆ. ಪಶ್ಚಿಮ ಸಮುದ್ರಕ್ಕೆ ಹರಿಯುತ್ತಿದ್ದ ಸೆಲೆ ನದಿಯ ಬುಗ್ಗೆಯನ್ನು ಕಾಪೊಸೆಲೆ ಎಂಬಲ್ಲಿ ಹಿಡಿದು, ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಿದರು. 1906ರಲ್ಲಿ ಕೆಲಸ ಶುರು. ಬಾರಿಗೆ ನೀರು ಮುಟ್ಟಿದ್ದು 1915ರ ಏಪ್ರಿಲ್ 24ಕ್ಕೆ. ಭದ್ರಾ ಮೇಲ್ದಂಡೆ ನೀರಿಗೆ ಬಾಯಿಬಿಟ್ಟು ಕೂತ ನಮ್ಮ ಜಿಲ್ಲೆಯವರಿಗೆ ಆ ದಿನದ ಸಂತೋಷ ಎಂಥದ್ದು ಅಂತ ಯಾರೂ ಹೇಳಿಕೊಡಬೇಕಿಲ್ಲ. ಈಗಲೂ ಊರೂರಿನ ಚೌಕದಲ್ಲಿ ಕಬ್ಬಿಣದ ಹಳೇ ನಲ್ಲಿಕಂಬ ನಿಂತಿವೆ. ದಾರಿಹೋಕರು ಬಾಟಲಿ ತುಂಬಿಕೊಳ್ಳುತ್ತಾರೆ.

ಹೊಲದ ಕಲ್ಲೇ ಮನೆ

ಮುರ್ಜಾದ ಹೊಲಗಳಲ್ಲಿ ಉತ್ತಷ್ಟೂ ಕಲ್ಲು ಏಳುತ್ತದೆ. ಆ ಕಲ್ಲನ್ನು ಅವರು ಬಿಸಾಡಲಿಲ್ಲ. ಗಾರೆ, ಮಣ್ಣು ಏನೂ ಇಲ್ಲದೆ ಒಂದರ ಮೇಲೊಂದು ಕೂಡಿಸಿ ಬದುವಿಗೆ ಗೋಡೆ ಎತ್ತಿದರು. ನೀರು ಸಂದಿನಲ್ಲಿ ನುಸುಳಿ ಹೋಗುತ್ತದೆ, ಮಣ್ಣು ಈಚೆಗೇ ಉಳಿಯುತ್ತದೆ. ಹಲ್ಲಿ, ಹಾವು, ಜೇನು ಎಲ್ಲಕ್ಕೂ ಅದೇ ಮನೆ. ಈ ಒಣಗಲ್ಲಿನ ಕಟ್ಟು ಒಂದು ವಿದ್ಯೆ ಅಂತ 2018ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಇಟಲಿ, ಗ್ರೀಸ್, ಸ್ಪೇನ್, ಫ್ರಾನ್ಸ್ ಸೇರಿ ಎಂಟು ದೇಶ ಕೂಡಿ ಕೇಳಿಕೊಂಡಿದ್ದವು.

ಇದೇ ಕಲ್ಲಿನಲ್ಲಿ ಮನೆಯನ್ನೂ ಕಟ್ಟಿದರು. ಆಲ್ಬೆರೊಬೆಲ್ಲೊ ಅನ್ನೋ ಊರಿನಲ್ಲಿ ಅಂಥವು ಸಾವಿರದೈನೂರಕ್ಕೂ ಹೆಚ್ಚಿವೆ. ಹೆಸರು ತ್ರುಲ್ಲಿ. ಸುಣ್ಣ ಬಳಿದ ದಪ್ಪ ಗೋಡೆ, ಮೇಲೆ ರಾಗಿ ಬಣವೆಯಂಥ ಮೊನಚು ಚಾವಣಿ. ಚಪ್ಪಡಿಗಳನ್ನು ಸುತ್ತುಸುತ್ತಾಗಿ ಒಳಕ್ಕೆ ಸರಿಸುತ್ತ ಹೋಗಿ ತುದಿಗೆ ಒಂದು ಕಲ್ಲು ಕೂಡಿಸಿದರೆ ಮುಗಿಯಿತು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಚಾವಣಿಯ ನೀರು ಮನೆ ಅಡಿಯ ತೊಟ್ಟಿಗೆ.

ಗಾರೆ ಯಾಕಿಲ್ಲ ಅನ್ನುವುದಕ್ಕೆ ಅಲ್ಲಿ ಒಂದು ಮಾತಿದೆ. ಹೊಸ ಊರು ಕಟ್ಟಿದರೆ ರಾಜನಿಗೆ ತೆರಿಗೆ ಕೊಡಬೇಕಿತ್ತು. ಅದನ್ನು ತಪ್ಪಿಸಲು ಅಲ್ಲಿಯ ಜಹಗೀರುದಾರ ರೈತರಿಗೆ ಗಾರೆ ಮುಟ್ಟಬೇಡಿ ಅಂದನಂತೆ. ತೆರಿಗೆಯವರು ಬರುವ ಸುದ್ದಿ ಬಂದರೆ ಮನೆ ಕೆಡವಿ ಕಲ್ಲುಗುಡ್ಡೆ ಮಾಡಿಬಿಡುವುದು, ಹೋದ ಮೇಲೆ ಮತ್ತೆ ಕಟ್ಟುವುದು! 1797ರಲ್ಲಿ ಊರಿನವರು ರಾಜನ ಹತ್ತಿರವೇ ಹೋಗಿ ಜಹಗೀರುದಾರನ ಕೈಯಿಂದ ಬಿಡಿಸಿಕೊಂಡರು. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವದ ಆಸ್ತಿ ಅಂತ ಸಾರಿತು. ಈಗ ಊರು ತುಂಬ ಅಂಗಡಿ, ನೂಕುನುಗ್ಗಲು. ನೆಮ್ಮದಿಯಾಗಿ ತ್ರುಲ್ಲಿ ನೋಡಬೇಕಾದರೆ ಊರಾಚೆ ಹೊಲಗಳ ಕಡೆ ನಡೆಯಿರಿ.

ನಾಚಿಕೆ ಅಂದ ಊರು

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದ್ದು ಬಸಿಲಿಕಾತಾದ ಮಾತೆರಾ. ಕಣಿವೆಯ ಮಗ್ಗುಲಿಗೆ ಬಂಡೆ ಕೊರೆದು ಮಾಡಿದ ಗವಿಮನೆಗಳು. ಒಬ್ಬರ ಮನೆಯ ತಾರಸಿಯೇ ಮೇಲಿನವರ ಅಂಗಳ. ಇವಕ್ಕೆ ಸಾಸ್ಸಿ ಅನ್ನುತ್ತಾರೆ, ಅಂದರೆ ಕಲ್ಲುಗಳು.

ಒಂದು ಗವಿಮನೆಯನ್ನು ಹಿಂದಿದ್ದ ಹಾಗೇ ಉಳಿಸಿ ತೋರಿಸುತ್ತಾರೆ. ಒಂದೇ ಕೋಣೆ. ಎತ್ತರದ ಮಂಚ, ಮಂಚದ ಕೆಳಗೆ ಕೋಳಿ, ಹಿಂದೆ ಹೇಸರಗತ್ತೆ ಕಟ್ಟುವ ಜಾಗ, ಮೂಲೆಯಲ್ಲಿ ತೊಟ್ಟಿಯ ಬಾಯಿ. ನಮ್ಮಾಕೆ ಬಾಗಿಲಲ್ಲೇ ನಿಂತು, "ನಮ್ಮಜ್ಜಿ ಮನೇಲೂ ಹಿಂಗೇ ಎತ್ತು ಒಳಗೇ ಕಟ್ತಿದ್ರು" ಅಂದಳು. ಅಷ್ಟೇ ಸಾಕಿತ್ತು.

ಕಾರ್ಲೊ ಲೆವಿ ಎಂಬ ಲೇಖಕ ಆ ಕಡೆಯ ಬಡತನ, ಮಲೇರಿಯಾ, ಸಾಯುವ ಮಕ್ಕಳ ಬಗ್ಗೆ ಬರೆದ ಪುಸ್ತಕ 1945ರಲ್ಲಿ ಹೊರಬಂತು. ದೇಶಕ್ಕೆಲ್ಲ ಗೊತ್ತಾಯಿತು. ಮಾತೆರಾ ಅಂದರೆ ದೇಶಕ್ಕೆ ನಾಚಿಕೆಗೇಡು ಅಂತ ರಾಜಕೀಯದವರು ಭಾಷಣ ಮಾಡಿದರು. 1952ರಲ್ಲಿ ಕಾನೂನೇ ತಂದು ಸುಮಾರು 15 ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. ರೋಗ ತಪ್ಪಿತು, ಬೆಳಕು ಬಂತು, ಅದು ಒಳ್ಳೆಯದೇ. ಆದರೆ ಗವಿಗಳು ಹಾಳು ಬಿದ್ದವು.

ಮೂವತ್ತು ವರ್ಷ ದಾಟಿದ ಮೇಲೆ ಕಣ್ಣು ತೆರೆಯಿತು. 1986ರಲ್ಲಿ ಸರಿಪಡಿಸಲು ಇನ್ನೊಂದು ಕಾನೂನು, 1993ರಲ್ಲಿ ಯುನೆಸ್ಕೊ ಪಟ್ಟಿ, 2019ರಲ್ಲಿ ಯುರೋಪಿನ ಸಂಸ್ಕೃತಿ ರಾಜಧಾನಿ ಅನ್ನುವ ಬಿರುದು. ನಾಚಿಕೆ ಅಂದ ಗವಿಯಲ್ಲೇ ಈಗ ದುಬಾರಿ ಹೋಟೆಲು. ಹಿಂದೆ ಅಲ್ಲಿ ಹುಟ್ಟಿದ ರೈತನ ಮೊಮ್ಮಗನಿಗೆ ಒಂದು ರಾತ್ರಿ ತಂಗುವುದೂ ಕಷ್ಟವೇ.

ಊರ ನಡುವಿನ ಚೌಕದ ಕೆಳಗೆ ಪಲೊಂಬಾರೊ ಲುಂಗೊ ಎಂಬ ತೊಟ್ಟಿ ಇದೆ. ಮೆಟ್ಟಿಲಿಳಿದು ಹೋದರೆ ದೇವಸ್ಥಾನದ ಒಳಗೆ ಹೋದಂತಾಗುತ್ತದೆ. ಐವತ್ತು ಅಡಿ ಆಳ, 50 ಲಕ್ಷ ಲೀಟರ್ ಹಿಡಿಯುತ್ತದೆ. ಬಂಡೆ ಕೊರೆದು, ಸುಣ್ಣಕ್ಕೆ ಹೆಂಚಿನ ಪುಡಿ ಬೆರೆಸಿದ ಗಾರೆ ಮೆತ್ತಿದ್ದಾರೆ. ನಮ್ಮ ಹಿರಿಯರ ಸುರ್ಕಿ ಗಾರೆಯೇ! ನಲ್ಲಿ ಬಂದ ಮೇಲೆ ಜನ ಇದನ್ನು ಪೂರ್ತಿ ಮರೆತುಬಿಟ್ಟಿದ್ದರು. ಮತ್ತೆ ಸಿಕ್ಕಿದ್ದು 1991ರಲ್ಲಿ. ಕೊಳವೆಬಾವಿ ಬಂದ ಮೇಲೆ ಗೋಕಟ್ಟೆ, ಕಲ್ಯಾಣಿಗಳಲ್ಲಿ ಜಾಲಿ ಬೆಳೆಸಿದ ನಾವು ಅದನ್ನು ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು.

ಹೆಸರು ಪಡೆದ ಬ್ರೆಡ್ಡು

ಆಲ್ತಮೂರಾ ಮುರ್ಜಾದ ದೊಡ್ಡ ಊರು. ಅಲ್ಲಿಯ ಬ್ರೆಡ್ಡಿಗೆ 2003ರಲ್ಲಿ ಯುರೋಪ್ ಒಕ್ಕೂಟ ಊರಿನ ಹೆಸರಿನ ರಕ್ಷಣೆ ಕೊಟ್ಟಿತು. ಗೋಧಿ ಆ ಸುತ್ತಿನ ಹೊಲದ್ದೇ ಆಗಬೇಕು. ಹುಳಿಹಿಟ್ಟು, ನೀರು, ಉಪ್ಪು, ಅಷ್ಟೆ. ಮೇಲಿನ ಸಿಪ್ಪೆ ಮೂರು ಮಿಲಿಮೀಟರಿಗೆ ಕಡಿಮೆ ಇರಬಾರದು ಅಂತಲೂ ನಿಯಮ. ಗೋಧಿ ಡ್ಯೂರಂ ಜಾತಿ, ನಮ್ಮ ಬನ್ಸಿ ರವೆ ಬರುವುದೂ ಇದರಿಂದಲೇ. ಅದಕ್ಕೇ ಬ್ರೆಡ್ಡಿನ ಒಳಗು ಹಳದಿ.

ಹಿಂದೆ ಮನೆಯಲ್ಲಿ ಹಿಟ್ಟು ನಾದಿ ಊರೊಟ್ಟಿನ ಒಲೆಗೆ ಒಯ್ಯುತ್ತಿದ್ದರು. ಯಾರದ್ದು ಯಾವುದು ಗೊತ್ತಾಗಲಿ ಅಂತ ಮನೆ ಮನೆಗೊಂದು ಮರದ ಮುದ್ರೆ. ಕುರಿಗಾರರು, ಕೂಲಿಯವರು ಈ ದಪ್ಪ ಬ್ರೆಡ್ಡು ಕಟ್ಟಿಕೊಂಡು ವಾರಗಟ್ಟಲೆ ಹೊಲದಲ್ಲೇ ಉಳಿಯುತ್ತಿದ್ದರು. ನಾವೂ ಒಂದು ತಂದಿಟ್ಟು ಐದು ದಿನ ತಿಂದೆವು. ಕೆಡಲಿಲ್ಲ.

2001ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪೆನಿಯವರು ಆಲ್ತಮೂರಾದಲ್ಲಿ ಅಂಗಡಿ ತೆರೆದರು. ಅದರ ಪಕ್ಕದಲ್ಲೇ ಊರಿನ ಒಬ್ಬ ಬ್ರೆಡ್ಡಿನವನ ಅಂಗಡಿ. ಟೊಮೆಟೊ, ಎಣ್ಣೆ ಹಾಕಿದ ಫೊಕಾಚಾ ಎಂಬ ದಪ್ಪ ರೊಟ್ಟಿ ಅಲ್ಲಿ ಸಿಗುತ್ತಿತ್ತು. ಜಗಳ ಇಲ್ಲ, ಗಲಾಟೆ ಇಲ್ಲ. ಜನ ಅಲ್ಲೇ ತಿಂದರು. 2002 ಮುಗಿಯುವಷ್ಟರಲ್ಲಿ ಕಂಪೆನಿ ಬಾಗಿಲು ಹಾಕಿತು. ಇದರ ಮೇಲೆ ಒಂದು ಸಿನಿಮಾ ಕೂಡ ಬಂದಿದೆ.

ಬಡವರ ಅಡುಗೆ

ಪೂಲ್ಯಾದ ಊಟಕ್ಕೆ ಅವರೇ ಇಟ್ಟುಕೊಂಡ ಹೆಸರು ಬಡವರ ಅಡುಗೆ. ಫಾವಾ ಎಂಬ ದೊಡ್ಡ ಕಾಳನ್ನು ಬೇಯಿಸಿ ಮೆತ್ತಗೆ ಕಡೆದು, ಪಕ್ಕದಲ್ಲಿ ಹೊಲದಲ್ಲಿ ತಾನೇ ಹುಟ್ಟಿದ ಕಹಿ ಸೊಪ್ಪು ಬೇಯಿಸಿ, ಮೇಲೆ ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ಬೆರಕೆ ಸೊಪ್ಪಿನ ದೊಡ್ಡಪ್ಪನ ಮಗ ಅನ್ನಬಹುದು. ಉಳಿದ ಬ್ರೆಡ್ಡನ್ನು ನೀರಲ್ಲಿ ನೆನೆಸಿ ಟೊಮೆಟೊ, ಈರುಳ್ಳಿ, ಎಣ್ಣೆ ಹಾಕಿ ತಿನ್ನುವುದೂ ಉಂಟು. ಅದು ಅವರ ತಂಗಳು.

ಅಲ್ಲಿ ಕರೀ ಹಿಟ್ಟಿನ ತಿನಿಸು ಒಂದಿದೆ, ಗ್ರಾನೊ ಆರ್ಸೊ, ಅಂದರೆ ಸುಟ್ಟ ಗೋಧಿ. ಜಮೀನ್ದಾರ ಕೊಯ್ಲು ಮುಗಿಸಿ ಕೂಳೆಗೆ ಬೆಂಕಿ ಇಟ್ಟ ಮೇಲೆ ಬಡವರು ಬೂದಿಯಲ್ಲಿ ಹಕ್ಕಲು ಆಯ್ದು ಬೀಸಿಕೊಳ್ಳುತ್ತಿದ್ದರಂತೆ. ಇವತ್ತು ಅದೇ ಹಿಟ್ಟನ್ನು ಬೇಕೆಂದೇ ಹುರಿದು ಮಾಡಿ ದೊಡ್ಡ ಹೋಟೆಲಿನಲ್ಲಿ ಹೆಚ್ಚು ದುಡ್ಡಿಗೆ ಬಡಿಸುತ್ತಾರೆ.

ಬಾರಿಯ ಹಳೇ ಊರಿನ ಓಣಿಗಳಲ್ಲಿ ಹೆಂಗಸರು ಬಾಗಿಲ ಮುಂದೆ ಹಲಗೆ ಇಟ್ಟುಕೊಂಡು ಒರೆಕ್ಯೆತ್ತೆ ಮಾಡುತ್ತಾರೆ. ರವೆ, ನೀರು ಕಲಸಿ ಹೊಸೆದು, ಚಾಕುವಿನಿಂದ ತುಂಡು ಎಳೆದು, ಹೆಬ್ಬೆರಳಿಂದ ಮಗುಚಿದರೆ ಪುಟ್ಟ ಕಿವಿ. ಆ ಹೆಸರಿನ ಅರ್ಥವೂ ಅದೇ. ನಮ್ಮಾಕೆಯ ತವರು ಹಾವೇರಿ ಕಡೆ. ಮದುವೆಗಳಿಗೆ ಶಾವಿಗೆ, ಗವಲಿ, ಪರಡಿ ಹೊಸೆದ ಕೈ. ಒಬ್ಬ ಅಜ್ಜಿಯ ಪಕ್ಕ ಕೂತು ತಾನೂ ಹತ್ತಿಪ್ಪತ್ತು ಕಿವಿ ಮಾಡಿದಳು. ಅಜ್ಜಿ ಒಂದನ್ನು ಎತ್ತಿ ನೋಡಿ, ತಲೆಯಾಡಿಸಿ, ತನ್ನ ರಾಶಿಗೇ ಹಾಕಿಕೊಂಡಳು.

ನಾವಿದ್ದಾಗಲೇ, ಮೇ 7ರಿಂದ 9ರವರೆಗೆ, ಬಾರಿಯಲ್ಲಿ ಸಂತ ನಿಕೊಲಾನ ಜಾತ್ರೆ. 1087ರಲ್ಲಿ ಬಾರಿಯ ನಾವಿಕರು ಅವನ ಅಸ್ಥಿ ತಂದ ನೆನಪಿಗೆ ನಡೆಯುವುದು. ಬೀದಿಗೆಲ್ಲ ದೀಪದ ಕಮಾನು, ವಾದ್ಯ, ಬುತ್ತಿ ಕಟ್ಟಿಕೊಂಡು ಬಂದ ಹಳ್ಳಿ ಜನ. ಮೂರ್ತಿಯನ್ನು ದೋಣಿಯಲ್ಲಿ ಸಮುದ್ರಕ್ಕೆ ಒಯ್ಯುತ್ತಾರೆ. ತೇರು ಎಳೆಯುವವರ ಮುಖ ಎಲ್ಲ ಕಡೆಯೂ ಒಂದೇ ಥರ.

ಕುರಿ ದಾರಿ

ಪೂಲ್ಯಾದ ಉತ್ತರಕ್ಕೆ ಫೋಜಾ ಬಯಲು. ಬೇಸಿಗೆಗೆ ಅಬ್ರುಜ್ಜೊ ಬೆಟ್ಟದಲ್ಲಿ ಮೇಯುವ ಕುರಿಗಳು ಚಳಿಗೆ ಈ ಬಯಲಿಗೆ ಇಳಿಯುತ್ತಿದ್ದವು. 1447ರಲ್ಲಿ ಅಲ್ಲಿಯ ರಾಜ ಇದಕ್ಕೇ ಒಂದು ಇಲಾಖೆ ಮಾಡಿ, ಕುರಿಗೆ ತೆರಿಗೆ, ಕುರಿಗೆ ದಾರಿ ಗೊತ್ತುಮಾಡಿದ. ದೊಡ್ಡ ದಾರಿಗಳ ಅಗಲ 111 ಮೀಟರ್, ಅಂದರೆ 360 ಅಡಿ ಮೇಲೆ! ಲಾಕ್ವಿಲಾದಿಂದ ಫೋಜಾವರೆಗಿನ ಒಂದು ದಾರಿ 244 ಕಿಲೋಮೀಟರ್. ಆ ಇಲಾಖೆ 1806ರಲ್ಲಿ ಮುಚ್ಚಿತು. ಕುರಿ ಕಡಿಮೆಯಾದವು. ಆದರೂ ದಾರಿಗಳ ಕುರುಹು ಉಳಿದಿವೆ, ಸರ್ಕಾರದ ರಕ್ಷಣೆಯೂ ಇದೆ. ಹೀಗೆ ಮಂದೆ ಹೊಡೆದುಕೊಂಡು ಹೋಗುವ ಪದ್ಧತಿಯನ್ನು ಯುನೆಸ್ಕೊ 2019ರಲ್ಲಿ ಪಟ್ಟಿಗೆ ಸೇರಿಸಿತು. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಬೇಲಿ ಸುತ್ತಿ ಹೋಗುವ ಕುರಿಗಾರರು ನೆನಪಾದರು. ನಮ್ಮ ಕುರಿ ದಾರಿಗೆ ಯಾವ ಪಟ್ಟಿಯೂ ಇಲ್ಲ.

ರೈತರ ಮನೆಯಲ್ಲೇ ತಂಗು

ಆಲ್ತಮೂರಾ ಹತ್ತಿರ ನಾಲ್ಕು ದಿನ ಒಬ್ಬ ರೈತರ ಮನೆಯಲ್ಲಿದ್ದೆವು. ಗೋಧಿ, ಚನ್ನಂಗಿ ಬೇಳೆ, ಕುರಿ, ಆರು ಕೋಣೆ. ಇದಕ್ಕೆ ಅಗ್ರಿತುರಿಸ್ಮೊ ಅನ್ನುತ್ತಾರೆ. 1985ರಲ್ಲೇ ಕಾನೂನು ಮಾಡಿ 2006ರಲ್ಲಿ ತಿದ್ದಿದ್ದಾರೆ. ಇಡೀ ದೇಶದಲ್ಲಿ ಇಂಥವು 25 ಸಾವಿರಕ್ಕೂ ಹೆಚ್ಚು. ಕಾನೂನಿನ ತಿರುಳು ಇಷ್ಟು: ಬೇಸಾಯವೇ ಮುಖ್ಯ ಆಗಿರಬೇಕು, ಬಡಿಸುವುದರಲ್ಲಿ ಸ್ವಂತ ಬೆಳೆಯ ಪಾಲು ಇರಬೇಕು. ಹೊಲ ಬೀಳುಬಿಟ್ಟು ಬರೀ ರೂಮು ನಡೆಸುವವನಿಗೆ ಆ ಹೆಸರಿಲ್ಲ.

ಮನೆ ಯಜಮಾನರ ಮಗ ಊರು ಬಿಟ್ಟು ಹೋಗಿದ್ದವರು ವಾಪಸ್ ಬಂದಿದ್ದರು. ಹೊರದೇಶದ ಗೋಧಿ ಹಡಗಿನಲ್ಲಿ ಬಂದು ಬಾರಿ ಬಂದರಿನಲ್ಲಿ ಇಳಿದರೆ ತಮ್ಮ ಬೆಲೆ ಬೀಳುತ್ತದೆ, ಕೋಣೆಯ ದುಡ್ಡು ಇಲ್ಲದಿದ್ದರೆ ಬಿತ್ತನೆಯೇ ಕಷ್ಟ ಅಂತ ಯಜಮಾನರು ಹೇಳಿದರು. ಹೆಸರು ಬಂದರೆ ಸಾಕೇ, ಬೆಲೆ ಬೇಡವೇ? ಇದು ಅಲ್ಲಿಯೂ ಬಗೆಹರಿದಿಲ್ಲ.

ಒಣಗಿದ ತೋಪು, ಕೂಲಿಯವರ ಪಾಡು

ಪೂಲ್ಯಾದ ಮುಖ ಅಂದರೆ ಆಲಿವ್ ಮರ. ಒಸ್ತೂನಿ, ಫಸಾನೊ ಕಡೆ ಸಾವಿರ ವರ್ಷ ದಾಟಿದವು ಅನ್ನುವ ಮರಗಳು ಹುಣಸೆಯಂತೆ ತಿರುಚಿಕೊಂಡು ನಿಂತಿವೆ. ಇಂಥವನ್ನು ಕಡಿಯದಂತೆ 2007ರಲ್ಲಿ ಪ್ರಾಂತ್ಯದ ಕಾನೂನು ಆಯಿತು. ಆದರೆ ಅಲ್ಲಿಂದ ದಕ್ಷಿಣಕ್ಕೆ ಸಲೆಂತೊ ಕಡೆ ಹೋದಾಗ ಕಂಡದ್ದು ಬರೀ ಬೂದು ಬಣ್ಣದ ಕೊರಡು. ಮೈಲಿಗಟ್ಟಲೆ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಕಾರಣ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ. ಮರದ ನೀರಿನ ನಾಳ ಕಟ್ಟಿಬಿಡುತ್ತದೆ. 2013ರಲ್ಲಿ ಗಲ್ಲಿಪೊಲಿ ಹತ್ತಿರ ಮೊದಲು ಗೊತ್ತಾಯಿತು. ಕೋಸ್ಟರಿಕಾ ದೇಶದಿಂದ ತಂದ ಅಲಂಕಾರದ ಕಾಫಿ ಗಿಡದ ಜೊತೆ ಬಂದಿರಬೇಕೆಂದು ವಿಜ್ಞಾನಿಗಳ ಅಂದಾಜು. ಹರಡುವುದು ಒಂದು ಸಣ್ಣ ಜಿಗಿಹುಳ. ವಸಂತದಲ್ಲಿ ಇದರ ಮರಿ ಕಳೆ ಗಿಡದ ಮೇಲೆ ಉಗುಳಿನಂಥ ನೊರೆಯೊಳಗೆ ಇರುತ್ತದೆ. ಆಗಲೇ ಉತ್ತು ಕಳೆ ತೆಗೆಯಬೇಕು ಅಂತ ಕಡ್ಡಾಯ. ಹಾಳಾದ ಮರ ಎರಡು ಕೋಟಿ ದಾಟಿದೆ ಅನ್ನುತ್ತಾರೆ. ಲೆಚ್ಚೀನೊ, ಎಫ್‌ಎಸ್-17 ಎಂಬ ತಳಿಗಳು ರೋಗ ತಡೆದುಕೊಳ್ಳುತ್ತವೆ. ಹಳೇ ಬೊಡ್ಡೆಗೆ ಅದನ್ನು ಕಸಿ ಕಟ್ಟಿ ನೋಡುತ್ತಿದ್ದಾರೆ. ಅಜ್ಜನ ಮರದ ಪಕ್ಕ ಮೊಣಕಾಲೆತ್ತರದ ಸಸಿ ನೆಟ್ಟವರನ್ನೂ ಕಂಡೆ. ಕಾಯಿ ಬಿಡಲು ವರ್ಷಗಳು ಬೇಕು. ಆದರೂ ನೆಟ್ಟಿದ್ದಾರೆ.

ಇನ್ನೊಂದು ಮಾತು ಬರೆಯದೆ ಇದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಫೋಜಾ ಬಯಲಿನಲ್ಲಿ ಟೊಮೆಟೊ ಸಸಿ ನಾಟಿ ನಡೆದಿತ್ತು. ಅಲ್ಲಿಯ ಟೊಮೆಟೊ ಬಿಡಿಸುವವರಲ್ಲಿ ಆಫ್ರಿಕಾದಿಂದ ಬಂದವರೇ ಬಹಳ. ತಗಡಿನ ಗುಡಿಸಲುಗಳಲ್ಲಿ ವಾಸ. ಮೇಸ್ತ್ರಿಗಳು ಕೂಲಿಯಲ್ಲಿ ಪಾಲು ಹೊಡೆಯುತ್ತಾರೆ. 2015ರಲ್ಲಿ ದ್ರಾಕ್ಷಿ ತೋಟದಲ್ಲಿ ಒಬ್ಬ ಇಟಲಿಯ ಹೆಣ್ಣುಮಗಳೇ ದುಡಿಯುತ್ತ ಸತ್ತ ಮೇಲೆ, 2016ರಲ್ಲಿ ಮೇಸ್ತ್ರಿಗಳ ವಿರುದ್ಧ ಬಿಗಿ ಕಾನೂನು ಬಂತು. ಆದರೂ ನಿಂತಿಲ್ಲ. ನಾವು ಊರಿಗೆ ಬಂದ ಮುಂದಿನ ತಿಂಗಳೇ, 2024ರ ಜೂನಿನಲ್ಲಿ, ರೋಮಿನ ದಕ್ಷಿಣಕ್ಕೆ ಲಾತೀನಾ ಜಿಲ್ಲೆಯಲ್ಲಿ ನಮ್ಮ ಪಂಜಾಬಿನ ಹುಡುಗನೊಬ್ಬನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯದೆ ಅವನ ಮನೆ ಮುಂದೆ ಬಿಟ್ಟುಹೋದರು. ಎರಡು ದಿನಕ್ಕೆ ಸತ್ತ. ಸಾವಿರಾರು ಜನ ಬೀದಿಗಿಳಿದರು.

ಇದೇ ಪೂಲ್ಯಾದ ಚೆರಿನ್ಯೋಲಾದಲ್ಲಿ 1892ರಲ್ಲಿ ಹುಟ್ಟಿದ ಜುಸೆಪ್ಪೆ ದಿ ವಿತ್ತೋರಿಯೊ ಸಣ್ಣಂದಿನಲ್ಲೇ ಶಾಲೆ ಬಿಟ್ಟು ಕೂಲಿಗೆ ಹೋದವರು. ಮುಂದೆ ಇಡೀ ಇಟಲಿಯ ಕಾರ್ಮಿಕರ ಮುಂದಾಳು ಆದರು. ಬ್ರೆಡ್ಡು, ಗೋಡೆ, ಕುರಿ ದಾರಿ ಎಷ್ಟು ಅಲ್ಲಿಯ ಸಂಸ್ಕೃತಿಯೋ ಈ ಹೋರಾಟವೂ ಅಷ್ಟೇ. ಹೊಲದಲ್ಲಿ ಬಗ್ಗಿದವನಿಗೆ ಮರ್ಯಾದೆ ಇಲ್ಲದೆ, ಹೊಲದಲ್ಲಿ ಬೆಳೆದದ್ದಕ್ಕೆ ಮಾತ್ರ ಮರ್ಯಾದೆ ಉಳಿಯುವುದು ಹ್ಯಾಗೆ?

ಹೋಗುವವರಿಗೆ

ವೀಸಾ ಹೆಸರು ಶೆಂಗೆನ್. 180 ದಿನದಲ್ಲಿ 90 ದಿನ ಮೀರುವಂತಿಲ್ಲ. 30 ಸಾವಿರ ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಏಪ್ರಿಲ್-ಮೇ ಒಳ್ಳೆಯ ಕಾಲ, ಆಗಸ್ಟಿನಲ್ಲಿ ಸೆಕೆ, ಜನ ಎರಡೂ ಜಾಸ್ತಿ. ಬಾರಿಯಿಂದ ಆಲ್ತಮೂರಾ, ಮಾತೆರಾಕ್ಕೆ ಸಣ್ಣ ಗೇಜಿನ ರೈಲಿದೆ. ಭಾನುವಾರ ಹೊರಡುವ ಮುಂಚೆ ವಿಚಾರಿಸಿ. ಮಧ್ಯಾಹ್ನ ಒಂದರಿಂದ ನಾಲ್ಕೈದರವರೆಗೆ ಅಂಗಡಿ ಬಾಗಿಲು ಹಾಕಿ ಊಟ, ನಿದ್ದೆ. ಸಂಜೆ ಊರಿಗೆ ಊರೇ ಬೀದಿಯಲ್ಲಿ ಅಡ್ಡಾಡುತ್ತದೆ. ನೀವೂ ಸೇರಿಕೊಳ್ಳಿ. ಸಸ್ಯಾಹಾರಿಗಳು "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ" (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಬೇಕು. ಬಿಲ್ಲಿನಲ್ಲಿ ಕೊಪೆರ್ತೊ ಅಂತ ಇದ್ದರೆ ಅದು ಕೂತಿದ್ದಕ್ಕೆ, ಬ್ರೆಡ್ಡಿಗೆ. ಮೋಸ ಅಲ್ಲ.

ತರುವುದಿದ್ದರೆ ಒಣಗಿಸಿದ ಒರೆಕ್ಯೆತ್ತೆ ತನ್ನಿ, ಆಲಿವ್ ಎಣ್ಣೆ ತನ್ನಿ. ಚೆಂದ ಕಂಡಿತು ಅಂತ ಗಿಡ, ಕಡ್ಡಿ, ಬೀಜ, ಮಣ್ಣು ಮಾತ್ರ ಚೀಲದಲ್ಲಿ ಹಾಕಬೇಡಿ. ಎರಡು ಕೋಟಿ ಮರ ಹೋಗಿದ್ದು ಅಂಥ ಒಂದು ಗಿಡದಿಂದಲೇ ಇರಬೇಕು ಅಂತ ಅಲ್ಲಿಯವರು ಹೇಳುತ್ತಾರೆ.